ಸಣ್ಣ ಡಿಕ್ಕಿ ಕಾರು: ಉಪಯೋಗಕ್ಕೋ, ಉಲ್ಲಾಸಕ್ಕೋ?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳ ಸಭೆ ರಾತ್ರಿ ಹನ್ನೊಂದೂವರೆಗೆ ಮುಗಿಯಿತು. ಚಹಾ ಎರಡು ಸಲ ಕಾಯಿಸಬೇಕಾಯಿತು. ಜಗಳ ಕಾರಿನದು. ಹೋಟೆಲು ಬಿಟ್ಟು ಸ್ವಂತ ಟ್ಯಾಕ್ಸಿ ಓಡಿಸಬೇಕೆಂದು ನಮ್ಮ ನಾಲ್ವರು ಹುಡುಗರು ಸಂಘದ ಉಳಿತಾಯ ನಿಧಿಯಿಂದ ಮುಂಗಡ ಹಣಕ್ಕೆ ಸಾಲ ಕೇಳಿದ್ದಾರೆ. ಸಾಲ ಕೊಡಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಎಂಥ ಗಾಡಿಗೆ ಕೊಡಬೇಕು ಎಂಬಲ್ಲಿ ಸಭೆ ಎರಡು ಪಾಲಾಯಿತು.

ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ನಮ್ಮ ಹಿರಿಯರೊಬ್ಬರು ಅಂದರು: "ತಮ್ಮಾ, ಎತ್ತು ಕೊಳ್ಳುವಾಗ ಯಾರಾದರೂ ಅದರ ಓಟ ನೋಡ್ತಾರೇನು? ನೊಗಕ್ಕ ಕೊರಳು ಕೊಡ್ತದೋ ಇಲ್ಲೋ ನೋಡ್ತಾರ." ಅದಕ್ಕೆ ಬೀದರ ಕಡೆಯ ಹುಡುಗ ಎದ್ದು ನಿಂತು ಅಂದ: "ಕಾಕಾ, ದಿನಾ ಹನ್ನೆರಡು ತಾಸು ಅದರಾಗ ಕೂಡಾವ್ರು ನಾವು. ಸ್ಟೇರಿಂಗ್ ಹಿಡಿದವಗ ಒಂದೀಟು ಖುಷಿ ಬ್ಯಾಡೇನ್ರಿ?"

ಇಬ್ಬರ ಮಾತೂ ನಮ್ಮ ಮನಸ್ಸಿಗೆ ನಾಟಿತು. ಈ ವಿಷಯ ವಿಚಾರಿಸಿಕೊಂಡು ಬಂದು ಹೇಳಿ ಎಂದು ಸಮಿತಿ ನಮಗೆ ಒಪ್ಪಿಸಿತು. ನಾವು ಎಂಜಿನಿಯರರಲ್ಲ. ಏಳನೆಯ ತರಗತಿ ಮುಗಿಸಿ ಕುಂದಾಪುರದ ಕಡೆಯಿಂದ ಬಂದು, ಕ್ಲೀನರ್ ಆಗಿ, ಆಮೇಲೆ ಸಪ್ಲೈಯರ್ ಆಗಿ ದುಡಿದವರು. ಒಂದು ತಿಂಗಳು ಡ್ರೈವರುಗಳೊಡನೆ, ಮೆಕ್ಯಾನಿಕ್ಕುಗಳೊಡನೆ ಕೂತು ಕೇಳಿ ತಿಳಿದದ್ದನ್ನು ಇಲ್ಲಿ ಒಪ್ಪಿಸುತ್ತೇವೆ.

ಮೊದಲು, ಈ ಗಾಡಿ ಹುಟ್ಟಿದ್ದು ಹೇಗೆ ಎಂಬುದನ್ನು ತಿಳಿಯೋಣ. 2006ರ ಕೇಂದ್ರ ಬಜೆಟ್ಟಿನಲ್ಲಿ ಚಿಕ್ಕ ಕಾರಿನ ಅಬಕಾರಿ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಿದರು. ಚಿಕ್ಕ ಕಾರು ಎಂದರೆ ಉದ್ದ 4 ಮೀಟರಿನೊಳಗೆ ಇರಬೇಕು. ಎಂಜಿನು ಪೆಟ್ರೋಲಾದರೆ 1200 ಸಿ.ಸಿ., ಡೀಸೆಲಾದರೆ 1500 ಸಿ.ಸಿ. ಮೀರಬಾರದು. ನಮ್ಮ ದೇಶದ ಜನಕ್ಕೆ ಹಿಂದೆ ಡಿಕ್ಕಿ ಇದ್ದರೇ ಅದು ಪೂರಾ ಕಾರು. ಹೀಗಾಗಿ ಕಂಪನಿಗಳು ಡಿಕ್ಕಿಯನ್ನೂ ಬಿಡದೆ, ಸುಂಕವನ್ನೂ ಉಳಿಸಲು ಹೊರಟವು. 2008ರಲ್ಲಿ ಟಾಟಾದವರ ಇಂಡಿಗೊ ಸಿ.ಎಸ್. ಮೊದಲು ಈ ಅಳತೆಯೊಳಗೆ ಬಂತು. ಅದೇ ವರ್ಷ ಬಂದ ಮಾರುತಿ ಡಿಜೈರ್ 4 ಮೀಟರಿಗಿಂತ ಉದ್ದವಿತ್ತು. 2012ರಲ್ಲಿ ಅದನ್ನೂ 4 ಮೀಟರಿನೊಳಗೆ ತಂದರು. ಆಗ 440 ಲೀಟರಿನ ಡಿಕ್ಕಿ 316 ಲೀಟರಿಗೆ ಇಳಿಯಿತು. ಡಿಕ್ಕಿ ಸಣ್ಣದಾಗಲಿ ಎಂದು ಡ್ರೈವರು ಕೇಳಿರಲಿಲ್ಲ, ಗಿರಾಕಿಯೂ ಕೇಳಿರಲಿಲ್ಲ. ಸುಂಕದ ಟೇಪು ಅದನ್ನು ಕತ್ತರಿಸಿತು. ಸುಂಕ ಹೋಗಿ ಜಿ.ಎಸ್.ಟಿ. ಬಂದ ಮೇಲೂ ಆ ಟೇಪು ಹಾಗೇ ಇದೆ. 2025ರ ಸೆಪ್ಟೆಂಬರ್ 22ರಿಂದ ಈ ಅಳತೆಯ ಗಾಡಿಗಳಿಗೆ ತೆರಿಗೆ ನೂರಕ್ಕೆ 18 ಆಗಿದೆ. ನಮ್ಮ ಹುಡುಗರು ಈಗ ಅರ್ಜಿ ಹಾಕಲು ಇದೂ ಒಂದು ಕಾರಣ.

ಇನ್ನು ಖುಷಿಯ ವಿಷಯ. ಹಿಂದೆ ಅಂಬಾಸಡರ್ ಮನೆಮಂದಿಯ ಗಾಡಿ, ಫಿಯಟ್ ಓಡಿಸುವವನ ಗಾಡಿ ಎಂದು ಹಳೆಯ ಡ್ರೈವರುಗಳು ಹೇಳುವುದನ್ನು ಕೇಳಿದ್ದೇವೆ. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಫಿಯಟ್ಟಿನ ವಂಶದ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ಬೀದಿಯಿಂದ ಕೊನೆಯದಾಗಿ 2023ರ ಅಕ್ಟೋಬರಿನಲ್ಲಿ ಹೋಯಿತು. ಗಾಡಿಗಳು ಹೋದರೂ ಅವುಗಳ ಜಗಳ ಹೋಗಲಿಲ್ಲ. ಸಣ್ಣ ಡಿಕ್ಕಿ ಕಾರುಗಳಲ್ಲೂ ಓಡಿಸುವವರು ಮೆಚ್ಚಿದವು ಬಂದವು. 2015ರ ಫೋರ್ಡ್ ಆಸ್ಪೈರಿನ ಡೀಸೆಲ್ ಎಂಜಿನಿಗೆ 100 ಕುದುರೆ ಶಕ್ತಿ. 2016ರಲ್ಲಿ ಫೋಕ್ಸ್‌ವ್ಯಾಗನ್ನಿನವರು ಅಮಿಯೊ ಎಂಬುದನ್ನು ಭಾರತಕ್ಕೆಂದೇ ಮಾಡಿದರು. ಅಮಿಯೊ 2020ರಲ್ಲಿ ನಿಂತಿತು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಕಂಪನಿ ನಷ್ಟದ ಕಾರಣ ಹೇಳಿ ಭಾರತದಲ್ಲಿ ಕಾರು ತಯಾರಿಕೆಯನ್ನೇ ನಿಲ್ಲಿಸುವುದಾಗಿ ಸಾರಿತು. ಡಿಜೈರ್ ಮಾತ್ರ 2018ರಲ್ಲಿ ಎರಡೂವರೆ ಲಕ್ಷಕ್ಕೂ ಮೇಲೆ ಮಾರಾಟವಾಗಿ ದೇಶಕ್ಕೆ ಮೊದಲನೆಯದಾಯಿತು. ಹಾಗಾದರೆ ಹಿರಿಯರ ಎತ್ತಿನ ಮಾತೇ ಗೆದ್ದಿತೇ? ನಾವೂ ಮೊದಲು ಹಾಗೇ ತಿಳಿದಿದ್ದೆವು. ಡ್ರೈವರುಗಳ ಮಾತು ಕೇಳಿದ ಮೇಲೆ ಸ್ವಲ್ಪ ಬೇರೆ ತೋರಿತು.

ಓಡಿಸುವ ಖುಷಿ ಎಂದರೇನು? ನಮ್ಮ ಕೆಲಸದಿಂದಲೇ ಹೇಳುತ್ತೇವೆ. ಹೊಸ ಸಪ್ಲೈಯರ್ ಎಡಗೈ ಮೇಲೆ ನಾಲ್ಕು ತಟ್ಟೆ ಇಟ್ಟುಕೊಂಡು ಟೇಬಲ್ಲುಗಳ ನಡುವೆ ಸರಕ್ಕನೆ ತಿರುಗಿದರೆ ಸಾಂಬಾರು ಗಿರಾಕಿಯ ಅಂಗಿಯ ಮೇಲೆ. ಕೈಯನ್ನು ಕಬ್ಬಿಣದಂತೆ ಬಿಗಿ ಹಿಡಿದರೆ ತಿರುವಿನಲ್ಲಿ ತಟ್ಟೆ ವಾಲದು, ಆದರೆ ನೆಲದ ಒಂದೊಂದು ಏರುಪೇರೂ ತಟ್ಟೆಗೆ ಬಡಿಯುತ್ತದೆ. ಸಡಿಲ ಬಿಟ್ಟರೆ ಏರುಪೇರು ನುಂಗುತ್ತದೆ, ತಿರುವಿನಲ್ಲಿ ಚೆಲ್ಲುತ್ತದೆ. ಕಾರಿನ ಸಸ್ಪೆನ್ಷನ್ನೂ ಇದೇ. ಸ್ಪ್ರಿಂಗು ಬಿಗಿಯಾದರೆ ತಿರುವಿನಲ್ಲಿ ಗಾಡಿ ನೆಲ ಕಚ್ಚಿಕೊಂಡು ಹೋಗುತ್ತದೆ, ಓಡಿಸುವವನಿಗೆ ಹಿತ. ಹಿಂದೆ ಕೂತ ಮುದುಕಿಯ ಸೊಂಟಕ್ಕೆ ಮಾತ್ರ ಪ್ರತಿ ಗುಂಡಿಯೂ ಗೊತ್ತಾಗುತ್ತದೆ. ಮೆತ್ತಗಾದರೆ ಮುದುಕಿ ನಿದ್ದೆ ಮಾಡುತ್ತಾಳೆ, ಡ್ರೈವರಿಗೆ ಗಾಡಿ ತೂಗಾಡಿದಂತೆ ಅನ್ನಿಸುತ್ತದೆ. ಎರಡನ್ನೂ ಪೂರ್ತಿ ಕೊಡುವ ಗಾಡಿ ಬಡವನ ಬೆಲೆಗೆ ಸಿಗದು.

ಬಾಡಿಗೆ ಕೊಡುವವರು ಹಿಂದೆ ಕೂತವರು. ಇಷ್ಟಕ್ಕೇ ಬಿಟ್ಟರೆ ಗಾಡಿ ಮೆತ್ತಗಿರಲಿ, ಡಿಕ್ಕಿ ದೊಡ್ಡದಿರಲಿ, ಎಣ್ಣೆ ಕಡಿಮೆ ಕುಡಿಯಲಿ ಎಂದು ಮುಗಿಸಬಹುದು. ಆದರೆ ನಮ್ಮವರು ಓಡುವ ದಾರಿಗಳನ್ನು ನೋಡಿ.

ಒಂದು, ಮೆಹದಿಪಟ್ಟಣದಿಂದ ಹೈಟೆಕ್ ಸಿಟಿಗೆ ಸಂಜೆಯ ಹೊತ್ತು. ಅಲ್ಲಿ ನೂರು ಕುದುರೆ ಇದ್ದರೂ ನಡೆಯುವುದು ಕತ್ತೆಯ ನಡಿಗೆ. ಒಂದು ಬಾಡಿಗೆಗೆ ನೂರಾರು ಸಲ ಕ್ಲಚ್ಚು ತುಳಿದು ಎಡ ಮೊಣಕಾಲು ಬಾತ ಡ್ರೈವರುಗಳನ್ನು ನಾವು ಕಂಡಿದ್ದೇವೆ. 2017ರ ಡಿಜೈರಿನಲ್ಲಿ ಬಂದಂತೆ ಕ್ಲಚ್ಚಿಲ್ಲದ, ತಾನೇ ಗೇರು ಹಾಕುವ ಪೆಟ್ಟಿಗೆಯನ್ನು ಷೋಕಿಗೆ ಓಡಿಸುವವರು ಹಳಿಯುತ್ತಾರೆ: ಗೇರು ನಿಧಾನ, ಮಜಾ ಇಲ್ಲ ಎಂದು. ದಿನವಿಡೀ ಸಾಲಿನಲ್ಲಿ ನಿಲ್ಲುವವನ ಮೊಣಕಾಲನ್ನು ಕೇಳಿ, ಅದೇ ಖುಷಿ ಅನ್ನುತ್ತದೆ.

ಎರಡು, ಶಂಷಾಬಾದಿನ ವಿಮಾನ ನಿಲ್ದಾಣ. ನಾಲ್ಕು ಜನ, ನಾಲ್ಕು ಸೂಟ್‌ಕೇಸು. ಎಣ್ಣೆಯ ಖರ್ಚು ಉಳಿಸಲು ಸಿ.ಎನ್.ಜಿ. ಹಾಕಿಸಿದರೆ ಡಿಕ್ಕಿಯ ದೊಡ್ಡ ಪಾಲನ್ನು ಸಿಲಿಂಡರೇ ನುಂಗುತ್ತದೆ. ಹೆಟ್ಟಿಗೆಯಲ್ಲಿ 300 ಲೀಟರೋ 400 ಲೀಟರೋ ಎಂದು ಬರೆದದ್ದು ಆಗ ಕಾಗದಕ್ಕೇ ಉಳಿಯಿತು. ಟಾಟಾದವರು 2023ರಲ್ಲಿ ಟಿಗೋರಿಗೆ ದೊಡ್ಡದೊಂದರ ಬದಲು ಎರಡು ಸಣ್ಣ ಸಿಲಿಂಡರುಗಳನ್ನು ಡಿಕ್ಕಿಯ ನೆಲದಡಿ ಇಟ್ಟರು. ಅಡಿಗೆಮನೆ ಚಿಕ್ಕದಾದಾಗ ಭಟ್ಟರು ಡಬ್ಬಿಗಳನ್ನು ಕಟ್ಟೆಯಡಿ ಸರಿಸುವ ಹಾಗೆ. ಉಪಯೋಗ ಎಂಬುದು ಇಂಥ ಯೋಚನೆ.

ಮೂರು, ಊರಿನ ದಾರಿ. ಸಂಗಾರೆಡ್ಡಿ, ಜಹೀರಾಬಾದಿನ ಮೇಲೆ ಬೀದರಿಗೆ ಹೋಗುವ ಹೆದ್ದಾರಿ ಅಗಲವಾಗಿದೆ. ಚೇವೆಳ್ಳದ ದಾರಿಯ ಕಥೆ ಬೇರೆ. ಇಕ್ಕೆಲಗಳಲ್ಲಿ ಹಳೆಯ ಆಲದ ಮರಗಳು, ನಡುವೆ ಇಕ್ಕಟ್ಟಾದ ರಸ್ತೆ, ಎದುರಿನಿಂದ ಜಲ್ಲಿಯ ಟಿಪ್ಪರು. 2025ರ ನವೆಂಬರಿನಲ್ಲಿ ಅಲ್ಲಿ ಟಿಪ್ಪರೊಂದು ಬಸ್ಸಿಗೆ ಬಡಿದು ಅನೇಕರು ಸತ್ತದ್ದು ನಿಮಗೆಲ್ಲ ನೆನಪಿದೆ. ಇಂಥ ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕಲು ಎಂಜಿನು ಕರೆದಾಗ ಓಗೊಡಬೇಕು. ಈಗಿನ ಡಿಜೈರಿಗೆ ಪೆಟ್ರೋಲಿನಲ್ಲಿ 82 ಕುದುರೆ ಶಕ್ತಿ, ಸಿ.ಎನ್.ಜಿ.ಯಲ್ಲಿ ಸುಮಾರು 70. ಒಬ್ಬನೇ ಕೂತಾಗ ಸಾಕು. ಐದು ಜನ, ಮೇಲೆ ಮದುವೆಯ ಗಂಟುಮೂಟೆ ಆದಾಗ ಆ ಹನ್ನೆರಡರ ವ್ಯತ್ಯಾಸ ಡ್ರೈವರಿಗೆ ಚೆನ್ನಾಗಿ ತಿಳಿಯುತ್ತದೆ. ಇಲ್ಲಿ ಶಕ್ತಿ ಷೋಕಿಯಲ್ಲ, ಪ್ರಾಣ. ಶಕ್ತಿ ಕಡಿಮೆಯಿದ್ದರೆ ಲಾರಿಯ ಹಿಂದೆಯೇ ಹೋಗುವ ತಾಳ್ಮೆಯನ್ನಾದರೂ ಡ್ರೈವರು ಇಟ್ಟುಕೊಳ್ಳಬೇಕು. ನಗರದ ಸುತ್ತಿನ 158 ಕಿಲೋಮೀಟರಿನ ಹೊರವರ್ತುಲ ರಸ್ತೆಯಲ್ಲೂ ಹಾಗೆಯೇ: ವೇಗಕ್ಕಿಂತ, ಬ್ರೇಕು ಒತ್ತಿದಾಗ ಗಾಡಿ ನೆಟ್ಟಗೆ ನಿಲ್ಲುವುದೇ ಮುಖ್ಯ.

ಆದುದರಿಂದ ಬೀದರಿನ ತಮ್ಮ ಕೇಳಿದ ಖುಷಿಯಲ್ಲಿ ಎರಡು ಬಗೆ ಸೇರಿದೆ. ಆಕ್ಸಲೇಟರ್ ತುಳಿದಾಗ ಎದೆ ಉಬ್ಬುವುದು ಒಂದು. ನೆಟ್ಟಗೆ ನಿಲ್ಲುವ ಬ್ರೇಕು, ಕೈಯ ಮಾತು ಕೇಳುವ ಸ್ಟೇರಿಂಗು, ಬೆನ್ನಿಗೆ ಆಸರೆಯಾಗುವ ಸೀಟು, ಇದು ಇನ್ನೊಂದು. ಮೊದಲನೆಯದಕ್ಕೆ ಸಂಘದ ಹಣ ಇಲ್ಲ. ಎರಡನೆಯದನ್ನು ಉಪಯೋಗದ ಲೆಕ್ಕದಲ್ಲೇ ಬರೆಯಬೇಕು. ಹಿರಿಯರು ಎತ್ತಿನ ಮಾತು ಹೇಳಿದರಲ್ಲ, ಎತ್ತಿನ ಕೊರಳು ಹುಣ್ಣಾಗದಂಥ ನೊಗ ಮಾಡುವುದೂ ಒಕ್ಕಲಿಗನ ಕೆಲಸವೇ.

ಮೊದಲನೆಯ ಬಗೆಯ ಖುಷಿಗೆ ಬೆಲೆ ತೆತ್ತವರು ನಾವೇ. ಇದನ್ನು ಸಭೆಯಲ್ಲಿ ಹೇಳಲು ನಾಚಿಕೆಯಾಗುತ್ತದೆ. ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬನ ಜೊತೆ ಸೇರಿ, ಓಟ ನೋಡಿ ಮರುಳಾಗಿ, ಒಂದು ಹಳೆಯ ಕಾರು ಕೊಂಡೆವು. ಹೆಸರು ಬೇಡ. ಏಳು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಒಂದು ಸಣ್ಣ ಭಾಗ ಮುರಿಯಿತು. ರಾಣಿಗಂಜಿನ ಅಂಗಡಿಗಳನ್ನೆಲ್ಲ ತಿರುಗಿದರೂ ಸಿಗಲಿಲ್ಲ. ಗಾಡಿ ಇಪ್ಪತ್ತಮೂರು ದಿನ ಶೆಡ್ಡಿನಲ್ಲಿ ನಿಂತಿತು. ಸಾಲ ಕೊಟ್ಟ ಕಂಪನಿಗೆ ಶೆಡ್ಡೂ ಒಂದೇ, ರಸ್ತೆಯೂ ಒಂದೇ. ಎರಡು ಕಂತು ತಪ್ಪಿತು, ಮೂರನೆಯದಕ್ಕೆ ಬಂದು ಎಳೆದುಕೊಂಡು ಹೋದರು. ಗೆಳೆಯನ ತಂಗಿಯ ಮದುವೆಗೆಂದು ಇಟ್ಟ ಹಣ ಅದರಲ್ಲಿ ಹೋಯಿತು. ಅವನು ಇಂದಿಗೂ ನಮ್ಮನ್ನು "ಅಣ್ಣಾ" ಎಂದೇ ಕರೆಯುತ್ತಾನೆ. ಅದು ಬೈಗುಳಕ್ಕಿಂತ ಹೆಚ್ಚು ಸುಡುತ್ತದೆ.

ಆದ್ದರಿಂದ ಸಾಲ ಕೊಡುವ ಮುನ್ನ ಈ ನಾಲ್ಕನ್ನು ನೋಡಬೇಕೆಂದು ಸಮಿತಿಗೆ ಸೂಚಿಸುತ್ತೇವೆ.

ಮೊದಲನೆಯದು, ಗಾಡಿಯನ್ನು ಖಾಲಿ ಓಡಿಸಿ ಮೆಚ್ಚಬೇಡಿ. ಷೋರೂಮಿನವನು ನಿಮ್ಮೊಬ್ಬರನ್ನೇ ಕೂಡಿಸಿ ಒಳ್ಳೆಯ ರಸ್ತೆಯಲ್ಲಿ ಒಂದು ಸುತ್ತು ತಿರುಗಿಸುತ್ತಾನೆ. ನಮ್ಮವರು ನಾಲ್ಕು ಜನ ಹೋಗಿ ಕೂಡಿ. ಏ.ಸಿ. ಹಾಕಿ, ಒಂದು ಫ್ಲೈಓವರು ಹತ್ತಿಸಿ. ಒಬ್ಬರು ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂತು ಮೊಣಕಾಲು, ತಲೆ ತಾಗುತ್ತದೋ ನೋಡಿ.

ಎರಡನೆಯದು, ಸುರಕ್ಷತೆಯ ನಕ್ಷತ್ರ. ಗಾಡಿಯನ್ನು ಗೋಡೆಗೆ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2020ರಲ್ಲಿ ಟಿಗೋರಿಗೆ ನಾಲ್ಕು ನಕ್ಷತ್ರ ಕೊಟ್ಟಿತು. 2024ರ ನವೆಂಬರಿನಲ್ಲಿ ಹೊಸ ಡಿಜೈರಿಗೆ, ದೊಡ್ಡವರ ರಕ್ಷಣೆಯಲ್ಲಿ, ಐದು ಕೊಟ್ಟಿತು. ಅಗ್ಗದ ಗಾಡಿಗೆ ಗಟ್ಟಿ ಮೈ ಸಾಧ್ಯವಿಲ್ಲ ಎಂಬ ಮಾತು ಇದರಿಂದ ಸುಳ್ಳಾಯಿತು.

ಮೂರನೆಯದು, ಭಾಗಗಳು. ಕೊಳ್ಳುವ ಮೊದಲೇ ರಾಣಿಗಂಜಿಗೆ ಹೋಗಿ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಮುಂದಿನ ಬಂಪರು, ಈ ಮೂರರ ಬೆಲೆ ಕೇಳಿ ಬರೆದುಕೊಂಡು ಬನ್ನಿ. ಒಂದೇ ದಿನದಲ್ಲಿ ಸಿಗುತ್ತದೋ ಇಲ್ಲವೋ ಅದನ್ನೂ ಬರೆಯಿರಿ.

ನಾಲ್ಕನೆಯದು, ಡ್ರೈವರಿನ ಸೀಟು. ಎತ್ತರ ಏರಿಸಿ ಇಳಿಸಲು ಬರುವ ಸೀಟು ಇರಲಿ. ಅದು ಮೇಲಿನ ಬೆಲೆಯ ಮಾದರಿಯಲ್ಲಿ ಮಾತ್ರ ಇದ್ದರೆ, ಹಾಡಿನ ಪೆಟ್ಟಿಗೆ, ಹೊಳೆಯುವ ಚಕ್ರ ಬಿಟ್ಟು ಆ ಹಣವನ್ನು ಇದಕ್ಕೆ ಹಾಕಿ.

ಕೊನೆಯ ಮಾತು. ಎಂಥ ಗಾಡಿ ಕೊಂಡರೂ ದಿನಕ್ಕೆ ಹದಿನಾಲ್ಕು ತಾಸು ಓಡಿಸಿದರೆ ಖುಷಿಯೂ ಉಳಿಯದು, ಉಪಯೋಗವೂ ಉಳಿಯದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ, 2025ರಲ್ಲಿ ರದ್ದಾಗುವ ವರೆಗೆ, ದಿನಕ್ಕೆ ಎಂಟು ತಾಸು, ವಾರಕ್ಕೆ ನಲವತ್ತೆಂಟು ಎಂದು ಬರೆದಿತ್ತು. ಆದರೆ ಅದು ಕೂಲಿಗೆ ದುಡಿಯುವ ಡ್ರೈವರಿಗೆ. ಸ್ವಂತ ಗಾಡಿ ಕೊಂಡವನಿಗೆ ತಾನೇ ಧಣಿ, ತಾನೇ ಆಳು. ಕಂತು ಹೆಚ್ಚಾದಷ್ಟೂ ಆ ಧಣಿ ಕಟುಕನಾಗುತ್ತಾನೆ. ಗಾಡಿಯ ಬೆಲೆ ಕಡಿಮೆಯಿರಲಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ವಾರಕ್ಕೊಂದು ದಿನ ರಜೆ ಹಿಡಿದು ಲೆಕ್ಕ ಹಾಕಿದಾಗಲೂ ಕಂತು ಕಟ್ಟಲು ಬರುವಂತಿದ್ದರೆ ಮಾತ್ರ ಸಾಲ ಮಂಜೂರಾಗಲಿ.

ಆ ರಜೆಯ ದಿನ, ಬೀದರಿನ ತಮ್ಮಾ, ಹೆಂಡತಿ ಮಕ್ಕಳನ್ನು ಕೂಡಿಸಿಕೊಂಡು, ಕಾಕಾ ಅವರನ್ನೂ ಮುಂದಿನ ಸೀಟಿನಲ್ಲಿ ಕೂಡಿಸಿಕೊಂಡು ಊರಿಗೆ ಹೋಗು. ಜಹೀರಾಬಾದು ದಾಟಿದ ಮೇಲೆ ಕೆಂಪು ಮಣ್ಣಿನ ಬಯಲಿನಲ್ಲಿ ರಸ್ತೆ ಖಾಲಿ ಇದ್ದಾಗ ನೀನು ಕೇಳಿದ ಖುಷಿ ನಿನಗೆ ಸಿಗಲಿ. ಕಾಕಾ ಬೇಡ ಅನ್ನಲಿಕ್ಕಿಲ್ಲ.

ನಿರ್ಣಯವನ್ನು ಸಭೆಯ ಮುಂದಿಟ್ಟಿದ್ದೇವೆ. ತಪ್ಪಿದ್ದರೆ ತಿದ್ದಿ, ಸರಿ ತೋರಿದರೆ ಕೈ ಎತ್ತಿ.