ಹೀಟರು ಅರ್ಧ ಕೆಟ್ಟರೂ ಅಲಾರಾಂ ಕೂಗಬೇಕು

(ಬಲ್ಕ್ ಕೂಲರ್ ಇರುವ ಸಂಘಗಳ ಸದಸ್ಯರು ಹಾಗೂ ಸಿಬ್ಬಂದಿಯ ತರಬೇತಿಯಲ್ಲಿ ಒಕ್ಕೂಟದ ತಾಂತ್ರಿಕ ವಿಭಾಗದವರು ಮಾಡಿದ ಭಾಷಣದ ಸಾರ)



ಹಾಲು 4 ಡಿಗ್ರಿಗೆ ತಣ್ಣಗಾಯಿತೇ ಎಂದು ನಾವೆಲ್ಲ ನೋಡುತ್ತೇವೆ. ಟ್ಯಾಂಕ್ ತೊಳೆಯುವ ನೀರು ಕಾಯಿತೇ ಎಂದು ನೋಡುವವರು ಕಡಿಮೆ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರೆ ಜಿಡ್ಡು ಉಳಿದು, ಅದರಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಆಮೇಲೆ ಊರಿನವರೆಲ್ಲರ ಹಾಲೂ ಅದೇ ಟ್ಯಾಂಕಿಗೆ ಬೀಳುತ್ತದೆ. ಕೆಟ್ಟರೆ ಒಬ್ಬರ ಹಾಲಲ್ಲ, ಎಲ್ಲರದೂ ಕೆಡುತ್ತದೆ.

ಹೀಟರು ಪೂರ್ತಿ ಕೆಟ್ಟರೆ ಯಾರಿಗಾದರೂ ತಿಳಿಯುತ್ತದೆ. ಅರ್ಧ ಕೆಟ್ಟರೆ ತಿಳಿಯುವುದಿಲ್ಲ. ಒಂದು ಲೆಕ್ಕ ನೋಡೋಣ. 100 ಲೀಟರ್ ನೀರಿಗೆ 2 ಕಿಲೋವಾಟಿನ 3 ಕಾಯಿಲ್‌ಗಳಿವೆ ಎನ್ನಿ. ನೀರು 25ರಿಂದ 75 ಡಿಗ್ರಿಗೆ ಏರಲು ಸುಮಾರು 1 ಗಂಟೆ ಬೇಕು. ಒಂದು ಕಾಯಿಲ್ ಸುಟ್ಟರೆ ಒಂದೂವರೆ ಗಂಟೆ. ತಡವಾಗಿಯಾದರೂ ಕಂಟ್ರೋಲರ್ 75 ತೋರಿಸುತ್ತದೆ. ಉಷ್ಣತೆ ನೋಡುವ ಅಲಾರಾಂ ಸುಮ್ಮನಿರುತ್ತದೆ. ಆದರೆ ತೊಳೆಯುವವರಿಗೆ ಅಷ್ಟು ಹೊತ್ತು ಕಾಯಲು ಪುರಸೊತ್ತಿಲ್ಲ. ಅರೆಬಿಸಿ ನೀರಿನಲ್ಲೇ ಕೆಲಸ ಮುಗಿಯುತ್ತದೆ.

ಹಸು ಮೇವು ಬಿಟ್ಟ ದಿನವೇ ನಾವು ಎಚ್ಚರಗೊಳ್ಳುತ್ತೇವೆ, ಹಾಲು ಇಳಿಯುವವರೆಗೆ ಕಾಯುವುದಿಲ್ಲ. ಹೀಟರಿನ ಮೇವು ಕರೆಂಟು. ಅದನ್ನು ನೋಡುವುದೇ ಹೀಟರ್ ಬ್ರೇಕ್ ಅಲಾರಾಂ. ಹೀಟರಿಗೆ ಹೋಗುವ ವೈರನ್ನು ಬಳೆಯಂತಹ ಸಿ.ಟಿ.ಯೊಳಗೆ ತೂರಿಸಿರುತ್ತಾರೆ. ಕಂಟ್ರೋಲರ್ ಹೀಟರನ್ನು ಆನ್ ಮಾಡಿದಾಗಲೆಲ್ಲ ಎಷ್ಟು ಕರೆಂಟು ಹರಿಯಿತು ಎಂದು ಅದು ಅಳೆಯುತ್ತದೆ.

ಮೂರೂ ಕಾಯಿಲ್ ಒಂದೇ ಫೇಸಿನಲ್ಲಿದ್ದರೆ 230 ವೋಲ್ಟಿಗೆ ಸುಮಾರು 26 ಆಂಪಿಯರ್ ಹರಿಯಬೇಕು. ಒಂದು ಸುಟ್ಟರೆ 17ಕ್ಕೆ ಇಳಿಯುತ್ತದೆ. ಅಲಾರಾಂ ಅನ್ನು ನಡುವೆ, ಅಂದರೆ 21ಕ್ಕೆ ಇಟ್ಟರೆ, ಹೀಟರು ಹಾಕಿದ ಕೂಡಲೇ ಬಜರ್ ಕೂಗುತ್ತದೆ. ನಮ್ಮ ಹಳ್ಳಿಗಳಲ್ಲಿ ವೋಲ್ಟೇಜ್ ಇಳಿಯುವುದುಂಟು. 200 ವೋಲ್ಟಿನಲ್ಲೂ ಸುಮಾರು 22 ಆಂಪಿಯರ್ ಮೀರಿ ಇರುವುದರಿಂದ ತೊಂದರೆಯಿಲ್ಲ. 185ಕ್ಕಿಂತ ಇಳಿದರೆ ಕಾಯಿಲ್ ಸರಿಯಿದ್ದರೂ ಕೂಗೀತು. ಆದ್ದರಿಂದ ಬಜರ್ ಕೂಗಿದಾಗ ಮೊದಲು ವೋಲ್ಟೇಜ್ ನೋಡಿ.

ಇನ್ನೊಂದು ಅಪಾಯವಿದೆ. ಕಾಂಟ್ಯಾಕ್ಟರ್ ಅಂಟಿಕೊಂಡರೆ ಕಂಟ್ರೋಲರ್ ಆಫ್ ಮಾಡಿದರೂ ಹೀಟರು ಉರಿಯುತ್ತಲೇ ಇರುತ್ತದೆ. ಆಫ್ ಇದ್ದಾಗಲೂ ಕರೆಂಟು ನೋಡುವ ಸೌಲಭ್ಯ ಕೆಲವು ಕಂಟ್ರೋಲರ್‌ಗಳಲ್ಲಿದೆ. ಕೊಳ್ಳುವಾಗ ಕೇಳಿ ಕೊಳ್ಳಿ.

ಸದಸ್ಯರು ಮಾಡಬೇಕಾದುದು ಇಷ್ಟು:

1. ನೀರು ಕಾಯಲು ಹಿಡಿದ ಸಮಯವನ್ನು ಪ್ರತಿದಿನ ಪುಸ್ತಕದಲ್ಲಿ ಬರೆಸಿ. ಅಲಾರಾಂ ಇಲ್ಲದ ಕಡೆ ಇದೇ ಅಲಾರಾಂ.
2. ಬೋರ್‌ವೆಲ್‌ನ ಗಡಸು ನೀರಾದರೆ ಕಾಯಿಲ್ ಮೇಲಿನ ಸುಣ್ಣದ ಪೊರೆಯನ್ನು ಆಗಾಗ ತೆಗೆಸಿ. ಪೊರೆ ದಪ್ಪವಾದಷ್ಟೂ ಕಾಯಿಲ್ ಬೇಗ ಸುಡುತ್ತದೆ.
3. ಎಲೆಕ್ಟ್ರಿಷಿಯನ್ ಬಂದಾಗ, ಮೇನ್ ಆಫ್ ಮಾಡಿಸಿ ಒಂದು ಕಾಯಿಲ್‌ನ ವೈರನ್ನು ಬಿಡಿಸಿ, ಅಲಾರಾಂ ಕೂಗುತ್ತದೆಯೇ ಎಂದು ಪರೀಕ್ಷಿಸಿ.
4. ಕಿರಿಕಿರಿ ಎಂದು ಬಜರಿನ ವೈರನ್ನು ಯಾರೂ ಕೀಳಬಾರದು.

ಒಂದು ಕಾಯಿಲ್‌ನ ಬೆಲೆ ಒಂದು ಟ್ಯಾಂಕ್ ಹಾಲಿನ ಮುಂದೆ ಏನೂ ಅಲ್ಲ.