ಸುಟ್ಟ ಗಾಯಕ್ಕೆ ಬೆಳ್ಳಿಯ ಪಟ್ಟಿ
(ಪಾಲಕರ ಸಭೆಯಲ್ಲಿ ಕನ್ನಡ ಶಾಲೆಯ ಶಿಕ್ಷಕರೊಬ್ಬರು ಮಾಡಿದ ಭಾಷಣ)



"ಕನ್ನಡದಲ್ಲಿ ವಿಜ್ಞಾನ ಓದಿದರೆ ಏನು ಪ್ರಯೋಜನ ಮೇಷ್ಟ್ರೇ?" ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಇಂದು ಒಂದು ಉದಾಹರಣೆಯ ಮೂಲಕ ಉತ್ತರ ಹೇಳುತ್ತೇನೆ.

ರಾಯದುರ್ಗದಲ್ಲಿ ಜೀನ್ಸ್ ಹೊಲಿದು ಇಸ್ತ್ರಿ ಮಾಡುವ ಮನೆಗಳಿವೆ. ಮಡಕಶಿರದ ಹಳ್ಳಿಗಳಲ್ಲಿ ಸೌದೆ ಒಲೆಗಳಿವೆ. ಸುಟ್ಟ ಗಾಯ ನಮಗೆ ಹೊಸದಲ್ಲ. ಆಸ್ಪತ್ರೆಯಲ್ಲಿ ಅದಕ್ಕೆ ಹಚ್ಚುವ ಬಿಳಿ ಮುಲಾಮು ಹೆಚ್ಚಾಗಿ ಸಿಲ್ವರ್ ಸಲ್ಫಾಡಯಜಿನ್. 1968ರಲ್ಲಿ ಅಮೆರಿಕದ ಚಾರ್ಲ್ಸ್ ಫಾಕ್ಸ್ ಇದನ್ನು ಬಳಕೆಗೆ ತಂದರು. ಈಗ ಬೆಳ್ಳಿ ಸೇರಿಸಿದ ಪಟ್ಟಿಗಳೂ ಬಂದಿವೆ.

ಹಾಗಾದರೆ ಬೆಳ್ಳಿಯ ಕಾಲ್ಗೆಜ್ಜೆಯನ್ನು ಗಾಯದ ಮೇಲಿಟ್ಟರೆ ಸಾಲದೇ? ಸಾಲದು. ಗಟ್ಟಿ ಬೆಳ್ಳಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಪಟ್ಟಿಯಲ್ಲಿ ಬೆಳ್ಳಿಯ ಅತಿ ಸಣ್ಣ ಕಣಗಳಿದ್ದರೆ, ಗಾಯದ ತೇವ ತಗುಲಿದಾಗ ಅವುಗಳ ಪರಮಾಣುಗಳು ತಲಾ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗುತ್ತವೆ. ಕೆಲಸ ಮಾಡುವುದು ಈ ಅಯಾನುಗಳೇ. ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅವು ಅಂಟಿಕೊಳ್ಳುತ್ತವೆ. ಅದರ ಕಿಣ್ವಗಳು ಕೆಡುತ್ತವೆ, ಉಸಿರಾಟ ನಿಲ್ಲುತ್ತದೆ, ಹೊರಪೊರೆ ಸೋರತೊಡಗುತ್ತದೆ. ಹಲವು ಕಡೆಯಿಂದ ಏಟು ಬೀಳುವುದರಿಂದ ಬ್ಯಾಕ್ಟೀರಿಯಾ ಇದಕ್ಕೆ ಸುಲಭವಾಗಿ ಒಗ್ಗಿಕೊಳ್ಳಲಾರದು. ಆದರೆ ಎಂದಿಗೂ ಒಗ್ಗದು ಎನ್ನುವಂತಿಲ್ಲ.

ಇದು ಸರ್ವರೋಗಕ್ಕೂ ಮದ್ದಲ್ಲ. ಹೆಚ್ಚಾದರೆ ಹೊಸದಾಗಿ ಬೆಳೆಯುವ ಚರ್ಮಕ್ಕೂ ತೊಂದರೆ. ಗಾಯ ಮಾಯುವುದು ತಡವಾಗಬಹುದು. ಸಣ್ಣ, ಶುಚಿಯಾದ ಗಾಯಕ್ಕೆ ಬೆಳ್ಳಿ ಬೇಕಿಲ್ಲ. ಗಾಯದ ರಸದಲ್ಲಿರುವ ಕ್ಲೋರೈಡು, ಪ್ರೋಟೀನು ಬೆಳ್ಳಿಯನ್ನು ಕಟ್ಟಿಹಾಕುವುದರಿಂದ, ವೈದ್ಯರು ಹೇಳಿದ ದಿನಕ್ಕೆ ಪಟ್ಟಿ ಬದಲಿಸಬೇಕು. ಸಲ್ಫಾ ಮಾತ್ರೆ ಒಗ್ಗದವರು ಮುಲಾಮು ಹಚ್ಚುವ ಮೊದಲೇ ಅದನ್ನು ತಿಳಿಸಬೇಕು. ಹಸುಗೂಸುಗಳಿಗೆ ಈ ಮುಲಾಮನ್ನು ನೀವಾಗಿಯೇ ಹಚ್ಚಬೇಡಿ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ನೀರು. ಸುಟ್ಟ ಕೂಡಲೇ ಬಳೆ, ಉಂಗುರ ತೆಗೆದು, 20 ನಿಮಿಷ ಹರಿಯುವ ತಣ್ಣೀರು ಬಿಡಿ. ಮಂಜುಗಡ್ಡೆ, ಟೂತ್‌ಪೇಸ್ಟು, ಶಾಯಿ ಬೇಡ. ಮುಖ, ಕೈ ಸುಟ್ಟಿದ್ದರೆ, ಗಾಯ ದೊಡ್ಡದಿದ್ದರೆ ಆಸ್ಪತ್ರೆಗೆ ಹೊರಡಿ.

ಮುಲಾಮಿನ ಡಬ್ಬಿಯ ಮೇಲೆ ಇಂಗ್ಲಿಷ್, ಆಸ್ಪತ್ರೆಯಲ್ಲಿ ತೆಲುಗು. ಮನೆಯಲ್ಲಿ ಅಜ್ಜಿಗೆ ಅರ್ಥವಾಗುವುದು ಕನ್ನಡ. "ಅಯಾನು" ಎಂದರೇನೆಂದು ತರಗತಿಯಲ್ಲಿ ತಿಳಿದ ಮಗು ಅಜ್ಜಿಗೂ ತಿಳಿಹೇಳುತ್ತದೆ. ಟೂತ್‌ಪೇಸ್ಟು ಹಿಡಿದ ಕೈಯನ್ನು ತಡೆಯುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆ ಹಕ್ಕನ್ನು ಬಿಟ್ಟುಕೊಡಬೇಡಿ. ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿ. ವಿಜ್ಞಾನದ ಶಿಕ್ಷಕರನ್ನೂ ಪುಸ್ತಕಗಳನ್ನೂ ಒಟ್ಟಾಗಿ ಕೇಳಿ ಪಡೆಯೋಣ.