ಸಾರಿಗೆ ಕಾರ್ಮಿಕರ ನಿವೃತ್ತಿ: ಪಿಂಚಣಿಯ ಲೆಕ್ಕ
(ಭಾಷಣದ ಪಾಠ)

ಸಿಂದಗಿ, ಮುದ್ದೇಬಿಹಾಳಗಳಲ್ಲಿ ರೈಲು ಇಲ್ಲ. ಇಂಡಿ, ಬಸವನ ಬಾಗೇವಾಡಿಯ ಸ್ಟೇಷನ್ನುಗಳು ಊರಿನಿಂದ ದೂರ. ಸಂತೆಯ ವ್ಯಾಪಾರಿಗೂ ಪಾಳಿಗೆ ಹೋಗುವ ಗಿರಣಿ ಕಾರ್ಮಿಕನಿಗೂ ಸಾರಿಗೆ ಬಸ್ಸೇ ಆಧಾರ. ಅದನ್ನು ಮೂವತ್ತು ವರ್ಷ ನಡೆಸಿದವರು ಮುಪ್ಪಿನಲ್ಲಿ ಏನು ಪಡೆಯುತ್ತಾರೆ? ಇಂದು ಆ ಲೆಕ್ಕ ನೋಡೋಣ.

1961ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿತು. 2000ದಲ್ಲಿ ಕಲಬುರಗಿಯ ಈಶಾನ್ಯ ನಿಗಮ ಬೇರೆಯಾಯಿತು. ಅದೇ ಈಗಿನ ಕಲ್ಯಾಣ ಕರ್ನಾಟಕ ನಿಗಮ. ಹೆಸರು ಬದಲಾದರೂ ಕಾರ್ಮಿಕನು ನಿಗಮದ ನೌಕರ, ಸರ್ಕಾರಿ ನೌಕರನಲ್ಲ. 2006ಕ್ಕೆ ಮೊದಲು ಸೇರಿದ ಸರ್ಕಾರಿ ಗುಮಾಸ್ತನಿಗೆ ಪೂರ್ಣ ಸೇವೆಯ ನಂತರ ಕೊನೆಯ ಮೂಲವೇತನದ ಅರ್ಧ, ಮೇಲೆ ತುಟ್ಟಿಭತ್ಯೆ. ಆಗಲೇ ಸೇರಿದ ಬಸ್ ಚಾಲಕನಿಗೆ 1995ರ ನೌಕರರ ಪಿಂಚಣಿ ಯೋಜನೆ. ಭವಿಷ್ಯನಿಧಿಯುಳ್ಳ ಗಿರಣಿ ಕಾರ್ಮಿಕರೆ, ನಿಮಗೂ ಇದೇ ಯೋಜನೆ. ಕಿವಿಗೊಟ್ಟು ಕೇಳಿರಿ.

ಮಾಲೀಕನ ವಂತಿಗೆಯಲ್ಲಿ ಪಗಾರದ ಶೇಕಡಾ 8.33 ಈ ನಿಧಿಗೆ ಹೋಗುತ್ತದೆ. ಆದರೆ ಪಗಾರಕ್ಕೊಂದು ಮಿತಿ ಹಾಕಿದ್ದಾರೆ. 2001ರಿಂದ ಅದು 6,500 ರೂಪಾಯಿ. 2014ರ ಸೆಪ್ಟೆಂಬರಿನಿಂದ 15,000. ಹತ್ತು ವರ್ಷ ತುಂಬಿದಾಗಲೂ ಅದು ಕದಲಿರಲಿಲ್ಲ. ಈ ಮಿತಿಯ ಪಗಾರವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವುದೇ ಪಿಂಚಣಿ. ಮೂವತ್ತು ವರ್ಷ ದುಡಿದವರಿಗೆ ಎರಡು ವರ್ಷ ಸೇರಿಸುತ್ತಾರೆ. ಇಡೀ ಸೇವೆಗೆ 15,000 ಹಿಡಿದರೂ ತಿಂಗಳಿಗೆ 6,857 ರೂಪಾಯಿ! 2014ಕ್ಕೆ ಹಿಂದಿನ ಸೇವೆಗೆ ಹಳೆಯ ಮಿತಿಯನ್ನೇ ಹಿಡಿಯುವುದರಿಂದ ಕೈಗೆ ಬರುವುದು ಇನ್ನೂ ಕಡಿಮೆ. ಇದಕ್ಕೆ ತುಟ್ಟಿಭತ್ಯೆ ಇಲ್ಲ. ಜೋಳದ ಧಾರಣೆ ಏರಿದರೂ ಪಿಂಚಣಿ ಏರದು. ಪಿಂಚಣಿದಾರ ತೀರಿಕೊಂಡರೆ ಹೆಂಡತಿಗೆ ಅದರಲ್ಲಿ ಅರ್ಧ. 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ 1,000 ರೂಪಾಯಿ.

ಪೂರ್ಣ ಪಗಾರದ ಮೇಲೆ ಪಿಂಚಣಿ ಕೇಳಿ ಕಾರ್ಮಿಕರು ಕೋರ್ಟಿಗೆ ಹೋದರು. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಕೆಲವರಿಗೆ ದಾರಿ ತೆರೆಯಿತು. ಆದರೆ 2014ರ ಸೆಪ್ಟೆಂಬರಿಗೆ ಮೊದಲೇ, ಆಯ್ಕೆಪತ್ರ ಬರೆದುಕೊಡದೆ ನಿವೃತ್ತರಾದವರು ಹೊರಗುಳಿದರು. ಕಾಗದವೊಂದು ಇಲ್ಲದ್ದಕ್ಕೆ ಮುಪ್ಪಿನ ಅನ್ನ ತಪ್ಪಿತು.

ಇನ್ನು ಪಗಾರ ಹೆಚ್ಚಳದ ಬಾಕಿ. 2020ರ ಜನವರಿಯಿಂದ 38 ತಿಂಗಳ ಬಾಕಿಗಾಗಿ ರಾಜ್ಯದ ಸಾರಿಗೆ ಕಾರ್ಮಿಕರು 2025ರ ಆಗಸ್ಟ್ 5ರಂದು ಮುಷ್ಕರ ಹೂಡಬೇಕಾಯಿತು. ಆ ತಿಂಗಳುಗಳಲ್ಲಿ ದುಡಿದು ನಿವೃತ್ತರಾದವರದೂ ಅದರಲ್ಲಿ ಪಾಲುಂಟು.

ಕಿರಾಣಿ ಅಂಗಡಿಯ ಬಂಧುಗಳೆ, ನಿವೃತ್ತನ ಹಣ ದೂರದ ಪಟ್ಟಣಕ್ಕೆ ಹೋಗದು; ಎಣ್ಣೆ, ಬೇಳೆ, ಔಷಧವಾಗಿ ಇದೇ ಬಜಾರದಲ್ಲಿ ಖರ್ಚಾಗುತ್ತದೆ. ಅವನ ಪಿಂಚಣಿ ಸಣ್ಣದಾದಷ್ಟೂ ನಿಮ್ಮ ಉದ್ರಿ ವಹಿ ದಪ್ಪವಾಗುತ್ತದೆ.

ಪಗಾರದ ಮಿತಿ ಏರಬೇಕು. ಪಿಂಚಣಿಗೆ ತುಟ್ಟಿಭತ್ಯೆ ಸೇರಬೇಕು. ಬಾಕಿ ಹಣ ನಿವೃತ್ತರಿಗೂ ಮುಟ್ಟಬೇಕು. ಮಿತಿ, ಭತ್ಯೆಗಳು ದಿಲ್ಲಿಯಲ್ಲಿ ತೀರ್ಮಾನವಾಗುವುವು, ಬಾಕಿ ಬೆಂಗಳೂರಿನಲ್ಲಿ. ಎರಡೂ ಕಡೆ ನಮ್ಮ ಕೂಗು ಮುಟ್ಟಬೇಕಾದರೆ ಡಿಪೊ, ಗಿರಣಿ, ಬಜಾರ ಒಂದಾಗಬೇಕು. ಅಲ್ಲಿಯವರೆಗೆ ಸೇವೆಯಲ್ಲಿರುವವರು ಸುಮ್ಮನಿರಬೇಡಿರಿ. ಭವಿಷ್ಯನಿಧಿಯ ಪುಸ್ತಕದಲ್ಲಿ ಹೆಸರು, ಹುಟ್ಟಿದ ದಿನ, ಸೇರಿದ ದಿನ, ವಾರಸುದಾರರ ಹೆಸರು ಸರಿಯಿವೆಯೇ ಎಂದು ಈ ವಾರವೇ ನೋಡಿರಿ. ಓದು ಬಾರದ ಗೆಳೆಯನಿಗೆ ಓದಿ ಹೇಳಿರಿ.

ಪಿಂಚಣಿ ಯಾರ ದಾನವೂ ಅಲ್ಲ. ಅದು ದುಡಿದವನ ಪಗಾರದಲ್ಲಿ ಕೊಡದೆ ಉಳಿಸಿಕೊಂಡ ಭಾಗ. ಅದನ್ನು ಕೇಳಿ ಪಡೆಯೋಣ.